ಯಾರೂ ಕೊಡದ ಕಮಿಷನ್

ಮನೆ ಮಾರಿಸುವ ಬ್ರೋಕರ್ ಮೊದಲ ಸಲ ನಮ್ಮ ಮನೆಗೆ ಕಾಲಿಟ್ಟಾಗ ಅತ್ತೆ ಅವನನ್ನು ಮೂಗಿನಿಂದಲೇ ಅಳೆದುಬಿಟ್ಟರು. ಅವರಿಗೆ ಕಣ್ಣು ಕಾಣುವುದಿಲ್ಲ. ಅವನು ಬಾಗಿಲಲ್ಲಿ ನಿಂತು ಬೂಟು ಬಿಚ್ಚುವಷ್ಟರಲ್ಲಿ ಅವನು ಪೂಸಿಕೊಂಡಿದ್ದ ಸೆಂಟು ಅಡುಗೆಮನೆಯವರೆಗೂ ಬಂದಿತ್ತು. "ಯಾರೇ ಅದು, ಸೆಂಟಣ್ಣ?" ಎಂದು ಒಳಗಿನಿಂದ ಕೇಳಿದರು. ಅವತ್ತಿನಿಂದ ನಮ್ಮಿಬ್ಬರ ನಡುವೆ ಅವನಿಗೆ ಅದೇ ಹೆಸರು. ಅವನು ಹೋದ ಮೇಲೆ ನಕ್ಕಿದ್ದೇ ನಕ್ಕಿದ್ದು. ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಆಮೇಲಾಮೇಲೆ ಆ ವಾಸನೆ ಬಂದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದೆ.

ನಾನು ಹೊಲಿಗೆಯವಳು. ಮುಂದಿನ ಕೋಣೆಯ ಕಿಟಕಿಯ ಪಕ್ಕ ನನ್ನ ಮೆಷಿನ್ ಇತ್ತು. ಪ್ಯಾಂಟಿನ ಕಾಲು ಮಡಿಚುವುದು, ಝಿಪ್ ಬದಲಿಸುವುದು, ಪರದೆ ಹೊಲಿಯುವುದು, ದಪ್ಪಗಾದವರ ಬಟ್ಟೆ ಬಿಚ್ಚಿ ಅಗಲ ಮಾಡುವುದು, ಇಷ್ಟೇ ನನ್ನ ಕೆಲಸ. ಗಂಡ ತೀರಿಹೋದ ಮೇಲೆ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಅತ್ತೆಯ ಕಣ್ಣು ಹೋಗಿದ್ದು ಈ ಬಾಡಿಗೆ ಮನೆಯಲ್ಲೇ. ಒಂದೇ ಏಟಿಗೆ ಹೋಗಲಿಲ್ಲ, ನಿಧಾನವಾಗಿ ಹೋಯಿತು. ಹಾಗಾಗಿ ಮನೆಯನ್ನು ಕೈಯಿಂದ ಕಲಿತುಕೊಳ್ಳಲು ಅವರಿಗೆ ಪುರಸೊತ್ತು ಸಿಕ್ಕಿತು. ಮಂಚದಿಂದ ಎದ್ದು ಬಲಗೈಯನ್ನು ಗೋಡೆಗಿಟ್ಟರೆ ಬಚ್ಚಲು, ಅಲ್ಲಿಂದ ಅಡುಗೆಮನೆ, ಅದನ್ನು ದಾಟಿದರೆ ಹಿಂಬಾಗಿಲು. ಯಾರ ಹಂಗೂ ಇಲ್ಲದೆ ಓಡಾಡುತ್ತಿದ್ದರು. ನಾನು ಕೈ ಹಿಡಿಯಲು ಹೋದರೆ, "ಬಿಡೇ, ನಾನೇನು ಸಂತೆಗೆ ಹೊರಟಿದ್ದೀನಾ?" ಎಂದು ಕೊಸರಿಕೊಳ್ಳುತ್ತಿದ್ದರು. ಅವರ ಕೈ ಆಡಿ ಆಡಿ ಗೋಡೆಯ ಮೇಲೆ, ಸೊಂಟದ ಎತ್ತರದಲ್ಲಿ, ಮನೆಯುದ್ದಕ್ಕೂ ಒಂದು ಮಬ್ಬು ಗೆರೆ ಬಿದ್ದಿತ್ತು. ಅದು ನನಗೆ ಯಾವತ್ತೂ ಕೊಳೆಯಾಗಿ ಕಂಡಿರಲಿಲ್ಲ.

ಓನರ್ ಮನೆ ಮಾರುತ್ತೇನೆ ಎಂದರು. ಅವರದು ಮನೆ, ಅವರಿಷ್ಟ. ನನಗೆ ಬೇಕಾಗಿದ್ದು ನನ್ನ ಅಡ್ವಾನ್ಸ್. ಮನೆಗೆ ಸೇರುವಾಗ ನನ್ನ ಗಂಡ ಎಣಿಸಿ ಕೊಟ್ಟಿದ್ದ ದುಡ್ಡು ಅದು. ಅದು ಕೈಗೆ ಬಂದರೆ ಬೇಕರಿಯ ಹಿಂದಿದ್ದ ನೆಲಮಹಡಿಯ ಮನೆ ನಮಗೆ ಬಾಡಿಗೆಗೆ ಸಿಗುತ್ತಿತ್ತು. ನಾನು ಹೋಗಿ ನೋಡಿಕೊಂಡು ಬಂದಿದ್ದೆ. ಮೆಟ್ಟಿಲಿಲ್ಲ, ಹೊಸ್ತಿಲೂ ತಗ್ಗು, ಕೋಣೆಗಳು ಒಂದರ ಹಿಂದೆ ಒಂದು. ಅತ್ತೆ ಒಂದೆರಡು ತಿಂಗಳಲ್ಲಿ ಕಲಿತುಬಿಡುತ್ತಿದ್ದರು. ಅಡ್ವಾನ್ಸ್ ಬರದಿದ್ದರೆ ನನ್ನ ಸಂಪಾದನೆಗೆ ಸಿಗುವುದು ತಾರಸಿಯ ಮೇಲಿನ ಒಂಟಿ ಕೋಣೆಗಳು ಮಾತ್ರ. ಅವುಗಳಿಗೆಲ್ಲ ಕಡಿದಾದ ಮೆಟ್ಟಿಲು.

ಸೆಂಟಣ್ಣ ನನಗೆ ಇನ್ನೊಂದು ಆಸೆಯನ್ನೂ ಹುಟ್ಟಿಸಿದ. ಬಾಡಿಗೆ ಬರಲಿ ಎಂದು ಕೊಳ್ಳುವವರೂ ಇರುತ್ತಾರೆ, ಅಂಥವರು ಸಿಕ್ಕರೆ ನಿಮ್ಮನ್ನೇ ಮುಂದುವರಿಸಲು ಹೇಳುತ್ತೇನೆ, ಮನೆ ಮಾತ್ರ ಫಳಫಳ ಅನ್ನುತ್ತಿರಬೇಕು ಅಕ್ಕ ಎಂದ. ನನ್ನ ಬುದ್ಧಿಗಿಷ್ಟು. ಅವನು ಹೇಳಿದ್ದನ್ನು ನಂಬಿ ನೆಲ ತಿಕ್ಕಿದೆ, ಕಿಟಕಿ ತೊಳೆದೆ, ಅದೂ ಸಾಲದೆಂದು ಗೋಡೆಯ ಗೆರೆಗೂ ಸೋಪಿನ ನೀರು ಹಾಕಿ ಉಜ್ಜಿದೆ. ಗೆರೆ ಹೋಗಲಿಲ್ಲ, ಸುತ್ತಲಿನ ಬಣ್ಣ ಎದ್ದು ಬಂತು. ಮೊದಲು ಮಬ್ಬಾಗಿದ್ದದ್ದು ಈಗ ಬಾಗಿಲಿನಿಂದಲೇ ಕಣ್ಣಿಗೆ ಹೊಡೆಯುವ ಹಾಗಾಯಿತು.

ಜನ ಬರತೊಡಗಿದರು. ಹೇಳದೆ ಕೇಳದೆ ನಮ್ಮ ಬೀರು ತೆಗೆದು ನೋಡಿದವರಿದ್ದರು. ಮೆಷಿನ್ ಮೇಲೆ ಬ್ಯಾಗ್ ಇಟ್ಟು ಬಚ್ಚಲಿಗೆ ಹೋದವರಿದ್ದರು. ಹಲ್ಲು ಕಚ್ಚಿಕೊಂಡು ಎಲ್ಲರಿಗೂ ಬಾಗಿಲು ತೆರೆದೆ. ಒಬ್ಬಾತ ಮಂಚದ ಮೇಲೆ ಕೂತಿದ್ದ ಅತ್ತೆಯನ್ನು ತೋರಿಸಿ ಇವರೂ ಇಲ್ಲೇ ಇರುತ್ತಾರಾ ಎಂದು ಬ್ರೋಕರನ್ನು ಕೇಳಿದ. ಅವನು ಹೋದ ಮೇಲೆ ಅತ್ತೆ, "ನನ್ನನ್ನೂ ಸೇರಿಸಿ ರೇಟು ಹೇಳಿದ್ದಾರಾ ವಿಚಾರಿಸೇ, ಕಮ್ಮಿ ಹೇಳಿದ್ರೆ ನಾನು ಒಪ್ಪಲ್ಲ" ಎಂದರು. ನಾನು ನಕ್ಕೆ. ರಾತ್ರಿ ಮಾತ್ರ ಅವರು ಮಂಚದ ಪಕ್ಕದ ಗೋಡೆಯ ಮೇಲೆ ಅಂಗೈ ಇಟ್ಟುಕೊಂಡೇ ಮಲಗುತ್ತಿದ್ದರು.

ಕೊನೆಗೆ ಒಬ್ಬ ನರ್ಸ್, ಅವಳ ಗಂಡ, ಕಂಕುಳಲ್ಲೊಂದು ಮಗು ಬಂದರು. ನರ್ಸ್ ಒಳ್ಳೆಯ ಹುಡುಗಿ. ಅತ್ತೆಯನ್ನು ಮಾತಾಡಿಸಿ, ಕೇಳಿಯೇ ಒಳಗೆ ಬಂದಳು. ಆದರೆ ಅವರಿಗೆ ಮನೆ ಬೇಕಾಗಿದ್ದದ್ದು ತಾವೇ ಇರಲು. ಇಲ್ಲಿಗೆ ನನ್ನ ಒಂದು ಆಸೆ ಮುಗಿಯಿತು.

ಎರಡನೇ ಸಲ ಬಂದಾಗ ಓನರನ್ನೂ ಕರೆಸಿ ನಮ್ಮ ಮುಂದಿನ ಕೋಣೆಯಲ್ಲೇ ಮಾತಿಗೆ ಕೂತರು. ನಾನು ಅಡುಗೆಮನೆಯಲ್ಲಿದ್ದೆ. ಮನೆಯ ಬೆಲೆ ಬೇಗ ಕುದುರಿತು. ಜಗಳ ಹತ್ತಿದ್ದು ಕಮಿಷನ್ ಮೇಲೆ. ನರ್ಸಿನ ಗಂಡ, ದುಡ್ಡು ಎಣಿಸಿಕೊಳ್ಳುವವರು ನೀವು, ಬ್ರೋಕರಿಗೆ ಕೊಡಬೇಕಾದವರೂ ನೀವೇ ಎಂದ. ಇಷ್ಟು ಇಳಿಸಿದ ಮೇಲೂ ನಾನೇ ಕೊಡಬೇಕಾ, ಅವನು ಕರೆದುಕೊಂಡು ಬಂದದ್ದು ನಿಮ್ಮನ್ನು, ನೀವು ಕೊಡಿ ಎಂದರು ಓನರ್. ಅದನ್ನು ಬೆಲೆಯೊಳಗೇ ತುರುಕಿ ಹೇಳಿದ್ದೀರಿ ಎಂದು ನಮಗೆ ಗೊತ್ತಿಲ್ಲವೇ ಎಂದು ನರ್ಸಿನ ಗಂಡ. ದನಿ ಏರಿತು, ಕುರ್ಚಿ ಸರಿದ ಸದ್ದಾಯಿತು. ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಮುರಿದು ಬೀಳಲಿ, ಇಬ್ಬರೂ ಮುಖ ಊದಿಸಿಕೊಂಡು ಎದ್ದು ಹೋಗಲಿ ಎಂದು ಸಿಂಕಿನ ಅಂಚನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದೆ.

ಆಗ ಬ್ರೋಕರ್ ಓನರನ್ನು ಹೊರಗೆ ಕರೆದುಕೊಂಡು ಹೋದ. ಮಾತು ನಿಂತಿತು. ಜಗಳವಾಗುತ್ತಿದ್ದಷ್ಟು ಹೊತ್ತೂ ಇಲ್ಲದ ಭಯ ಆ ಮೌನದಲ್ಲಿ ನನ್ನನ್ನು ಹಿಡಿದುಕೊಂಡಿತು. ಸ್ವಲ್ಪ ಹೊತ್ತಿಗೆ ಇಬ್ಬರೂ ಒಳಗೆ ಬಂದರು. ನೀವಿಬ್ಬರೂ ಏನೂ ಕೊಡಬೇಕಾಗಿಲ್ಲ, ನನ್ನದು ಹೇಗೋ ಆಗುತ್ತದೆ ಎಂದು ಬ್ರೋಕರ್ ಹೇಳಿದ್ದು ಕೇಳಿಸಿತು. ಎಲ್ಲರೂ ನಕ್ಕರು, ಕೈ ಕುಲುಕಿದರು, ಹೋದರು.

ನಾನು ಟೀ ಲೋಟ ತಂದು ಅತ್ತೆಯ ಕೈಗೆ ಕೊಟ್ಟೆ. ಅವರು ಕುಡಿಯಲಿಲ್ಲ. ಅವರ ಮಂಚ ಇದ್ದದ್ದು ಹೊರಗಿನ ಓಣಿಯ ಕಿಟಕಿಯ ಕೆಳಗೆ. ಕಣ್ಣು ಹೋದ ಮೇಲೆ ಅವರ ಕಿವಿ ಎಷ್ಟು ಚುರುಕಾಗಿದೆ ಎಂದು ಆ ಇಬ್ಬರಿಗೂ ಗೊತ್ತಿರಲಿಲ್ಲ.

"ಬಾಡಿಗೆಯವರ ಅಡ್ವಾನ್ಸ್ ನಿಮ್ಮ ಹತ್ರಾನೇ ಇದೆಯಲ್ಲ ಸರ್, ಅದನ್ನ ಈ ಕಡೆ ತಳ್ಳಿಬಿಡಿ ಅಂದ ಕಣೇ," ಎಂದರು ಅತ್ತೆ. "ಅವಳು ಸುಮ್ನಿರ್ತಾಳಾ ಅಂತ ಓನರ್ ಕೇಳಿದ್ರು. ಒಂದು ಹೆಂಗಸು, ಜೊತೆಗೊಂದು ಕುರುಡು ಮುದುಕಿ, ಎಲ್ಲಿ ಹೋಗ್ತಾರೆ, ಅದು ನನಗೆ ಬಿಡಿ ಅಂದ."

"ಓನರ್ ಏನಂದ್ರು?"

"ಕೆಮ್ಮಿದ್ರು."

ಮರುದಿನವೇ ಓನರಿನ ಅಂಗಡಿಗೆ ಓಡಿದೆ. ನಲ್ಲಿ, ಪೈಪು, ಬೀಗ ಮಾರುವ ಅಂಗಡಿ. ಅವರು ಯಾರಿಗೋ ಮೊಳೆ ತೂಗುತ್ತಿದ್ದರು. ಅಡ್ವಾನ್ಸ್ ಎಲ್ಲಿ ಹೋಗುತ್ತದಮ್ಮ, ಕೀ ಕೊಡುವ ದಿನ ಲೆಕ್ಕ ಮುಗಿಸೋಣ, ಗಾಬರಿ ಯಾಕೆ ಎಂದರು. ತಕ್ಕಡಿಯಿಂದ ಮುಖ ಎತ್ತಲೇ ಇಲ್ಲ. ಕೇಳಿಸಿಕೊಂಡಿದ್ದೇವೆ ಎಂದು ಅಲ್ಲೇ ಮುಖದ ಮೇಲೆ ಹೇಳಬೇಕಿತ್ತು. ನನ್ನ ನಾಲಿಗೆ ಉದ್ದ ಎಂದು ಬೀದಿಗೆಲ್ಲಾ ಗೊತ್ತು, ಅವತ್ತು ಮಾತ್ರ ಸುಮ್ಮನೆ ತಲೆಯಾಡಿಸಿದೆ. ಹೇಳಿದರೆ ಈಗಲೇ ಇಲ್ಲ ಎಂದುಬಿಡುತ್ತಾರೆ, ಹೇಳದಿದ್ದರೆ ಕೊಟ್ಟರೂ ಕೊಟ್ಟಾರು ಎಂಬ ಹಾಳು ಲೆಕ್ಕಾಚಾರ. ಬೇಕರಿಯ ಹಿಂದಿನ ಮನೆಯವರಿಗೆ, ಕೀ ಕೊಟ್ಟ ಸಂಜೆಯೇ ದುಡ್ಡು ತರುತ್ತೇನೆ ಎಂದು ಮಾತು ಕೊಟ್ಟು ಬಂದೆ. ಆಮೇಲಿನ ದಿನಗಳಲ್ಲಿ ಮೆಷಿನ್ ತುಳಿಯುತ್ತಿದ್ದರೂ ಗಮನವೆಲ್ಲ ಬಾಗಿಲ ಕಡೆಗೇ. ಒಬ್ಬರ ಪ್ಯಾಂಟಿಗೆ ಎರಡೂ ಕಾಲು ಬೇರೆ ಬೇರೆ ಉದ್ದ ಮಾಡಿ ಬೈಸಿಕೊಂಡೆ.

ಒಂದು ಮಾತ್ರ ಗಟ್ಟಿ ಮಾಡಿಕೊಂಡಿದ್ದೆ. ದುಡ್ಡು ಕೈಗೆ ಬೀಳದೆ ಕೀ ಕೊಡುವುದಿಲ್ಲ. ಏನು ಬೇಕಾದರೂ ಆಗಲಿ.

ಕೀ ಕೊಡುವ ದಿನ ಸಾಮಾನೆಲ್ಲ ಗಂಟು ಕಟ್ಟಿ ಗಾಡಿಗೆ ಹೇರಿಸಿದ್ದೆ. ಮಂಚ ಹೋಗಿತ್ತು, ಮೆಷಿನ್ ಹೋಗಿತ್ತು. ಮನೆ ಖಾಲಿಯಾಗಿ ನಾವು ಕೆಮ್ಮಿದರೂ ಮಾರ್ದನಿ ಕೊಡುತ್ತಿತ್ತು. ಅತ್ತೆ ಗೋಡೆಗೆ ಒರಗಿ ನಿಂತಿದ್ದರು. ಮೊದಲು ವಾಸನೆ ಬಂತು, ಆಮೇಲೆ ಸೆಂಟಣ್ಣ, ಅವನ ಹಿಂದೆ ಓನರ್.

ಬ್ರೋಕರ್ ಮನೆಯನ್ನು ಸುತ್ತತೊಡಗಿದ. ಕೊಳ್ಳುವವರಿಗೆ ಇದೇ ಮನೆಯನ್ನು ಹೊಗಳಿ ಹೊಗಳಿ ತೋರಿಸಿದ್ದ ಮನುಷ್ಯ ಈಗ ಮೊಳೆಯ ತೂತು ತೋರಿಸಿದ, ಸಿಂಕಿನ ಬಿರುಕು ತೋರಿಸಿದ, ಕೊನೆಗೆ ಗೋಡೆಯ ಮುಂದೆ ಬಂದು ನಿಂತ. ಇಡೀ ಮನೆಗೆ ಪೇಂಟ್ ಹೊಡೆಸಬೇಕು ಸರ್, ಒಂದು ಗೋಡೆಗೆ ಮಾತ್ರ ಹೊಡೆಸಿದರೆ ಬಣ್ಣ ಕೂಡುವುದಿಲ್ಲ, ಅಡ್ವಾನ್ಸ್ ಎಲ್ಲಾ ಅದಕ್ಕೇ ಹೋಗುತ್ತದೆ ಎಂದ. ನೀರು ಕುಡಿದಷ್ಟು ಸಲೀಸಾಗಿ ಹೇಳಿದ.

ನನ್ನ ಮೈ ಉರಿದುಹೋಯಿತು. ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಪೇಂಟೂ ಇಲ್ಲ ಎಂಥದ್ದೂ ಇಲ್ಲ, ಇದು ನಿನ್ನ ಕಮಿಷನ್, ಕಿಟಕಿಯ ಕೆಳಗೆ ಮಾತಾಡಿದ್ದೆಲ್ಲ ನಮಗೆ ಗೊತ್ತು, ದುಡ್ಡು ಇಡದೆ ಈ ಕೀ ನನ್ನ ಕೈ ಬಿಡುವುದಿಲ್ಲ ಎಂದೆ. ಓನರ್ ನೆಲ ನೋಡಿದರು. ಬ್ರೋಕರ್ ಕೋಪ ಮಾಡಿಕೊಳ್ಳಲಿಲ್ಲ. ಅವನು ಕೋಪ ಮಾಡಿಕೊಂಡಿದ್ದರೆ ನಾನು ಗೆದ್ದುಬಿಡುತ್ತಿದ್ದೆ.

"ಅಜ್ಜಿ, ಸ್ವಲ್ಪ ಈ ಕಡೆ ಬನ್ನಿ, ಗೋಡೆ ಸರ್‌ಗೆ ಸರಿಯಾಗಿ ಕಾಣ್ಲಿ," ಎಂದು ಅತ್ತೆಯ ಮೊಣಕೈ ಹಿಡಿದು ಕೋಣೆಯ ನಟ್ಟನಡುವೆ ತಂದು ನಿಲ್ಲಿಸಿ ಕೈಬಿಟ್ಟ.

ಅತ್ತೆ ಎಡಕ್ಕೆ ಕೈ ಚಾಚಿದರು, ಏನೂ ಸಿಗಲಿಲ್ಲ. ಬಲಕ್ಕೆ ಚಾಚಿದರು, ಮಂಚ ಇರಬೇಕಾದ ಕಡೆ ಮಂಚವಿಲ್ಲ. ಇದ್ದಲ್ಲೇ ಒಂದು ಸುತ್ತು ತಿರುಗಿದರು. ಅಷ್ಟಕ್ಕೇ ದಿಕ್ಕು ತಪ್ಪಿಹೋಯಿತು. "ಎಲ್ಲಿದ್ದೀಯೇ?" ಎಂದರು. ಅಷ್ಟು ಸಣ್ಣ ದನಿಯನ್ನು ನಾನು ಅವರ ಬಾಯಿಂದ ಯಾವತ್ತೂ ಕೇಳಿರಲಿಲ್ಲ. ತಡಕುತ್ತಿದ್ದ ಕೈ ಬ್ರೋಕರಿನ ಅಂಗಿಗೆ ತಾಗಿತು. ವಾಸನೆಯಿಂದ ಗೊತ್ತಾಗಿ, ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಕೈ ಹಿಂದಕ್ಕೆಳೆದುಕೊಂಡರು. ನಾನು ಮುನ್ನುಗ್ಗಿದೆ. ಅವನು ಮಧ್ಯೆ ಬಂದು ಅಂಗೈ ಚಾಚಿದ.

"ಕೀ ಕೊಡಿ ಅಕ್ಕ. ಅಜ್ಜಿ ಹೆದರ್ಕೊಂಡಿದ್ದಾರೆ. ಕರ್ಕೊಂಡು ಹೋಗಿ."

ಕೊಟ್ಟೆ. ಕೊಟ್ಟುಬಿಟ್ಟೆ. ಅತ್ತೆಯನ್ನು ತಬ್ಬಿಕೊಂಡು ಬೀದಿಗೆ ಬಂದಾಗ ಅವರು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದರು.

ಬೇಕರಿಯ ಹಿಂದಿನ ಮನೆ ಕೈತಪ್ಪಿತು. ಈಗ ನಾವಿರುವುದು ತಾರಸಿಯ ಮೇಲಿನ ಕೋಣೆಯಲ್ಲಿ. ಕಬ್ಬಿಣದ ಮೆಟ್ಟಿಲು, ಅದರ ಒಂದು ಬದಿಗೆ ಹಿಡಿಕೆಯೇ ಇಲ್ಲ. ಬಾಗಿಲು ತೆರೆದರೆ ಒಂದು ಹೆಜ್ಜೆಯ ಜಾಗ, ಅದರಾಚೆ ನೇರ ಆ ಮೆಟ್ಟಿಲು. ಅದೂ ಸಾಲದು ಎಂಬಂತೆ, ಮಂಚ ಹಾಕಲು ಬೇರೆ ಜಾಗವಿಲ್ಲದೆ ಹಾಕಿದ ಕಡೆಯಿಂದ ಬಲಕ್ಕೆ ನಡೆದರೆ ಸಿಗುವುದು ಬಚ್ಚಲಲ್ಲ, ಆ ಬಾಗಿಲು. ನಾನು ರಾತ್ರಿ ಬಾಗಿಲಿಗೆ ಅಡ್ಡ ಮಲಗುತ್ತೇನೆ. ಹಗಲು ಮೆಷಿನ್ ಮೇಲೆ ಒಂದು ಕಣ್ಣು, ಅವರ ಕಾಲ ಮೇಲೆ ಒಂದು ಕಣ್ಣು.

ಗಿರಾಕಿಗಳಿಗೆ ಗೊತ್ತಾಗಲಿ ಎಂದು ಹಳೆ ಮನೆಯ ಗೇಟಿಗೆ ನಾನು ಹೊಸ ವಿಳಾಸ ಅಂಟಿಸಿ ಬಂದಿದ್ದೆ. ಅದನ್ನು ನೋಡಿ ಒಂದು ದಿನ ನರ್ಸ್ ಮಗುವನ್ನೆತ್ತಿಕೊಂಡು ಮೆಟ್ಟಿಲು ಹತ್ತಿ ಬಂದಳು, ಪರದೆ ಹೊಲಿಸಲು. ಕಿಟಕಿಯ ಅಳತೆ ತರುವುದನ್ನೇ ಮರೆತೆ ಎಂದು ಪೇಚಾಡಿಕೊಂಡಳು. ಬೇಡ, ನನಗೆ ಗೊತ್ತು ಎಂದೆ. ಪೇಂಟ್ ಮುಗಿಯಿತಾ ಎಂದು ಕೇಳದೆ ಇರಲು ಆಗಲಿಲ್ಲ.

"ಪೇಂಟಾ? ಯಾರು ಹೊಡೆಸ್ತಾರೆ ಅಕ್ಕ, ಹೇಗಿತ್ತೋ ಹಾಗೇ ತಗೊಂಡ್ವಿ. ನಮ್ಮ ಹತ್ರ ಇನ್ನೇನು ಉಳಿದಿದೆ? ಗೋಡೆ ಮೇಲೊಂದು ಗೆರೆ ಇದೆಯಲ್ಲ, ಅಲ್ಲಿ ತುಂಬ ನುಣುಪಾಗಿದೆ. ಕರೆಂಟ್ ಹೋದಾಗ ಅದನ್ನೇ ಸವರ್ಕೊಂಡು ಅಡುಗೆಮನೆಗೆ ಹೋಗಿಬಿಡ್ತೀನಿ."

ಬ್ರೋಕರ್ ಮಾತ್ರ ಒಳ್ಳೆಯವನು, ನಮ್ಮಿಂದ ಬಿಡಿಗಾಸೂ ಮುಟ್ಟಲಿಲ್ಲ ಎಂದೂ ಸೇರಿಸಿದಳು. ಓನರ್ ಕೊಟ್ಟಿರಬೇಕು ಎಂದು ಅವಳು ಅಂದುಕೊಂಡಿದ್ದಳು. ಓನರ್ ತಮ್ಮ ಕೈಯಿಂದ ಏನೂ ಹೋಗಲಿಲ್ಲ ಎಂದುಕೊಂಡಿದ್ದರು. ನನ್ನ ನಾಲಿಗೆ ತುರಿಸಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮಂಚದಿಂದಲೇ, "ಯಾರೋ ಕೊಟ್ಟಿರ್ತಾರೆ ಬಿಡು ತಾಯಿ. ನೀನು ಮಗು ನೋಡ್ಕೊಂಡು ಮೆಟ್ಟಿಲಿಳಿ," ಎಂದರು.

ಪರದೆ ಮುಗಿಯಿತು. ಕೊಟ್ಟು ಬರಲು ಹೊರಟೆ. ಬೇಗ ಬರುತ್ತೇನೆ, ಮಂಚದಿಂದ ಇಳಿಯಬೇಡಿ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡಾಗ ಅತ್ತೆ ಕರೆದರು.

"ಹೊರಗಿಂದ ಚಿಲಕ ಹಾಕ್ಕೊಂಡು ಹೋಗೇ."

"ಯಾಕತ್ತೆ? ಬೇಡ."

"ಹಾಕು. ಮಂಪರಿನಲ್ಲಿ ಹಳೇ ಮನೆ ಅಂದ್ಕೊಂಡು ಎದ್ದು ಹೊರಟುಬಿಟ್ರೆ? ನನಗೆ ನನ್ನ ಕೈ ಮೇಲೇ ನಂಬಿಕೆ ಇಲ್ಲ ಈಗ."

ಹಾಕಿದೆ. ಪರದೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿಯದೆ ಬಾಗಿಲಿಗೆ ಕಿವಿಗೊಟ್ಟು ನಿಂತೆ. ಹಳೆ ಮನೆಯಲ್ಲಿ ನಾನು ಹೊರಗೆ ಹೊರಟರೆ ಸಾಕು, ಅವರು ಎದ್ದು ಗೋಡೆ ಸವರುತ್ತಾ ಅಡುಗೆಮನೆಯ ಕಡೆ ಹೋಗುವ ಸದ್ದು ಬೀದಿಗೆ ಕೇಳುತ್ತಿತ್ತು. ತುಂಬ ಹೊತ್ತು ಕಾದೆ. ಒಳಗಿನಿಂದ ಯಾವ ಸದ್ದೂ ಬರಲಿಲ್ಲ.