ಅಪ್ಪನ ಕೋಲು

ನನ್ನ ಗಂಡ ಲೈಲ್ ನನ್ನ ತಮ್ಮ ರೂಬೆನ್‌ನ ಎರಡು ಹಲ್ಲು ಉದುರಿಸಿದ್ದು ನಮ್ಮಪ್ಪನ ಮಣ್ಣಿನ ದಿನವೇ. ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಹ್ಯಾಮ್ ಸ್ಯಾಂಡ್‌ವಿಚ್ ಹಿಡಿದು ನಿಂತಿದ್ದರು. ಪಾದ್ರಿಯ ಹೆಂಡತಿಯ ಮಡಿಲಿಗೆ ಬಂದು ಬಿತ್ತು ಒಂದು ಹಲ್ಲು. ಜಗಳ ಗಾಳದ ಕೋಲಿನದು. ಅಪ್ಪ ಹೋಗುವ ಮುಂಚೆ ತನ್ನ ಕೋಲನ್ನು ಮಗನಿಗೆ ಕೊಡದೆ ಅಳಿಯನ ಕೈಗೆ ಕೊಟ್ಟಿದ್ದ.

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಸರೋವರ ಹೆಪ್ಪುಗಟ್ಟುವ ಮೊದಲು ಇಬ್ಬರನ್ನೂ ಒಂದೇ ದೋಣಿಗೆ ಹತ್ತಿಸಿದವಳು ನಾನು. ಮೋಟಾರಿನ ಹಿಡಿ ನನ್ನ ಕೈಯಲ್ಲಿತ್ತು. "ಇವತ್ತು ಮಾತಾಡದೆ ದಡ ಸೇರಿದ್ರೆ ಇಬ್ಬರಿಗೂ ನಾನು ಸತ್ತೆ ಅಂದ್ಕೊಳ್ಳಿ" ಅಂದಿದ್ದೆ. ನನಗೆ ಇದ್ದವರು ಅವರಿಬ್ಬರೇ.

ನಮ್ಮ ಸರೋವರದ ದೊಡ್ಡ ಬೇಟೆಮೀನು ಮಸ್ಕಿಯನ್ನು ಹಿಡಿಯಲು ಲೈಲ್ ನಮ್ಮಪ್ಪನ ಕೋಲಿಗೆ ರಬ್ಬರಿನ ದೊಡ್ಡ ಹುಸಿಮೀನು ಕಟ್ಟಿದ. ಮೊಳದುದ್ದ, ಒಂದು ಪೌಂಡ್ ತೂಕ, ಹೊಟ್ಟೆಯಡಿ ಮೂರುಮುಳ್ಳಿನ ಎರಡು ಕೊಕ್ಕೆ. ಅಪ್ಪನ ಕೋಲೋ, ಏಳಡಿಯ ಬಳುಕುವ ಹಳೇ ಸರಕು. ಬೆರಳುದ್ದದ ತಗಡಿನ ಮೀನು ಎಸೆದ ಕೋಲು ಅದು.

ರೂಬೆನ್ ನನ್ನ ಕಡೆ ತಿರುಗಿದ. "ಅಕ್ಕ, ನಿನ್ ಗಂಡಂಗೆ ಹೇಳು. ಆ ಕಡ್ಡಿ ಇಷ್ಟು ಭಾರ ಹೊರಲ್ಲ."

"ನಿನ್ ತಮ್ಮಂಗೆ ಹೇಳು," ಅಂದ ಲೈಲ್. "ಹೊಟ್ಟೆಕಿಚ್ಚಿಗೆ ಮದ್ದಿಲ್ಲ."

"ಹೊಟ್ಟೆಕಿಚ್ಚಾ? ನನ್ನ ಕೋಲು ನೋಡು, ಒಂಬತ್ತಡಿ, ಪೊರಕೆ ಹಿಡಿ ಇದ್ದಂಗಿದೆ. ಮಸ್ಕಿ ದವಡೆಗೆ ಕೊಕ್ಕೆ ಇಳಿಸೋಕೆ ಇಂಥದ್ದೇ ಬೇಕು. ನಿನ್ ಕೈಲಿರೋದು ಗೋಡೆಗೆ ನೇತುಹಾಕೋ ಕೋಲು ಕಣೋ!"

"ನಿಮ್ಮಪ್ಪ ಗೋಡೆಗೆ ಹಾಕ್ತಿದ್ನಾ?"

"ನಮ್ಮಪ್ಪನ ಹೆಸರು ಎತ್ತಬೇಡ!"

ರೂಬೆನ್ ಅವನ ಕಾಲರ್ ಹಿಡಿದ. ಲೈಲ್ ತಲೆಯಿಂದ ಗುದ್ದಿದ. ದೋಣಿ ಒಂದು ಮಗ್ಗುಲಿಗೆ ವಾಲಿ ಕಾಫಿ ಫ್ಲಾಸ್ಕ್ ನೀರಿಗುರುಳಿತು. ನಾನು ಹುಟ್ಟು ಎತ್ತಿ ನಡುವೆ ಸಿಕ್ಕ ಭುಜಕ್ಕೆ ಬಾರಿಸಿದೆ. ಯಾರ ಭುಜವೋ ಕಾಣೆ. ಇಬ್ಬರೂ ಮೂಗಿನ ರಕ್ತ ಒರೆಸಿಕೊಂಡು ಬೆನ್ನು ಮಾಡಿ ನಿಂತರು.

ಲೈಲ್ ಹಲ್ಲು ಕಡಿದು ಎಸೆದ. ದಾರ ಸುತ್ತಿ ತಂದ. ನಮ್ಮ ಕಡೆ ಪ್ರತಿ ಎಸೆತದ ಕೊನೆಗೂ ಹುಸಿಮೀನನ್ನು ನೀರಿಂದ ಎತ್ತುವ ಮೊದಲು ಕೋಲಿನ ತುದಿ ಅದ್ದಿ ದೋಣಿಯ ಪಕ್ಕ ಅಗಲವಾಗಿ ಸುತ್ತು ಹಾಕುತ್ತೇವೆ. ಮಸ್ಕಿ ದೋಣಿಯವರೆಗೂ ಹಿಂಬಾಲಿಸಿ ಬಂದು ಆ ತಿರುವಿನಲ್ಲೇ ಎರಗುತ್ತದೆ. ಗಿಡ್ಡ ಕೋಲಿನ ಸುತ್ತು ಕಿರಿದಾಯಿತು. ಆದರೂ ಅದು ಬಂತು. ದೋಣಿಯಡಿಯಿಂದ ನನ್ನ ತೊಡೆ ಗಾತ್ರದ ಕಂದು ಮೈ, ತೆರೆದ ಬಾಯಿ.

ನೀರು ಸಿಡಿಯಿತು. ಲೈಲ್ ಜಗ್ಗಿದ. ಕೋಲು ಹುಲ್ಲಿನಂತೆ ಬಾಗಿತೇ ಹೊರತು ಕೊಕ್ಕೆ ಕಚ್ಚಲಿಲ್ಲ. ಎರಡೂ ಕೈಯಲ್ಲಿ ಮತ್ತೆ ಎಳೆದ. ಫಟ್! ಕೋಲು ಹಿಡಿಯ ಮೇಲೆಯೇ ಎರಡಾಯಿತು. ಅಪ್ಪನ ಕೋಲು ಹೋದ ಸಂಕಟಕ್ಕೋ ಏನೋ, ಅವನು ದಾರಕ್ಕೇ ಬರಿಗೈ ಹಾಕಿದ. ಮೀನು ಮೇಲಕ್ಕೆ ಹಾರಿ ತಲೆ ಒದರಿತು. ಮುಂದಿನ ಕೊಕ್ಕೆ ಅದರ ದವಡೆಯಲ್ಲಿ, ಹಿಂದಿನ ಕೊಕ್ಕೆ ನನ್ನ ಗಂಡನ ಅಂಗೈಯಲ್ಲಿ.

ಅವನ ಕೂಗು ಆಚೆ ದಡಕ್ಕೆ ತಾಗಿ ಹಿಂದಿರುಗಿತು. ಮೀನು ಅಡಿಗೆ ಧುಮುಕಿತು, ಲೈಲ್ ಅದರ ಹಿಂದೆ ಸೊಂಟದವರೆಗೂ ದೋಣಿಯಾಚೆ ಹೋದ. ಅವನ ತಲೆ ನೀರಲ್ಲಿತ್ತು. ರೂಬೆನ್ ಅವನ ಬೆಲ್ಟು ಹಿಡಿದು ಬೆನ್ನ ಮೇಲೆ ಮಂಡಿಯೂರಿದ. ಇನ್ನೊಂದು ಕೈಯಲ್ಲಿ ಕೊಕ್ಕೆ ಕತ್ತರಿಸುವ ಇಕ್ಕಳ.

"ಕತ್ತರಿಸೋ!" ಅಂತ ಕಿರುಚಿದೆ.

ರೂಬೆನ್ ಕತ್ತರಿಸಲಿಲ್ಲ. ಕೆಳಗೆ ಒದ್ದಾಡುವ ಆ ಬೆನ್ನನ್ನೇ ನೋಡುತ್ತ, ನಾಲಿಗೆಯಿಂದ ತನ್ನ ಬೋಳು ಒಸಡು ಸವರಿದ. ನಾನು ಕಂಡೆ.

"ರೂಬಿ," ಅಂದೆ. ಅಮ್ಮ ಕರೆಯುತ್ತಿದ್ದ ಹೆಸರು.

ಅವನು ಬಗ್ಗಿ, ಭುಜದವರೆಗೂ ತಣ್ಣೀರಲ್ಲಿ ಕೈ ಮುಳುಗಿಸಿ ಇಕ್ಕಳ ಒತ್ತಿದ. ಕಟ್. ಮೀನು ರಬ್ಬರ್ ಸಮೇತ ಹೋಯಿತು. ಲೈಲ್‌ನನ್ನು ಮೂಟೆಯಂತೆ ಒಳಗೆಳೆದು ಕೆಡವಿದ. ಅಂಗೈಯಲ್ಲಿ ಕೊಕ್ಕೆ ಇನ್ನೂ ಇತ್ತು.

"ಮುಳ್ಳು ಆಚೆ ಬರೋವರೆಗೂ ದೂಡಬೇಕು. ಹಲ್ಲು ಕಚ್ಕೋ, ಭಾವ."

ಲೈಲ್ ನೀರು ಕಕ್ಕಿ ಅಂದ: "ಕಚ್ತೀನಿ. ನನಗಿನ್ನೂ ಹಲ್ಲಿದೆ."

ರೂಬೆನ್ ಒಂದೇ ಏಟಿಗೆ ದೂಡಿದ. ಚರ್ಮ ಡೇರೆಯಂತೆ ಎದ್ದು ಹರಿದು ಮುಳ್ಳು ಹೊರಬಂತು. ಲೈಲ್ ಗಾಯವಿಲ್ಲದ ಕೈಯಿಂದ ಅವನ ಕೆನ್ನೆಗೆ ಬೀಸಿದ, ಏಟು ಕಿವಿಗೆ ಬಿತ್ತು. ರೂಬೆನ್ ಅಲುಗಲಿಲ್ಲ. ಮುಳ್ಳು ಕತ್ತರಿಸಿ ಉಳಿದದ್ದನ್ನು ಹಿಂದಕ್ಕೆಳೆದ. ರಕ್ತ ಇಬ್ಬರ ಬೂಟಿಗೂ ಸುರಿಯಿತು.

ನಾನು ಟವೆಲ್ ಸುತ್ತಿ ಮೋಟಾರ್ ಹಚ್ಚಿದೆ. ಆಸ್ಪತ್ರೆ ಸರೋವರದ ಆಚೆ ತುದಿಗೆ. ರೂಬೆನ್ ಮುರಿದ ಕೋಲಿನ ಬೆಂಡಿನ ಹಿಡಿ ಹೆಕ್ಕಿದ. ಅಪ್ಪನ ಹೆಬ್ಬೆರಳು ಸವೆಸಿದ ಗುಳಿ ಅದರಲ್ಲಿತ್ತು. ಅದನ್ನು ಜಾಕೆಟ್ಟಿನೊಳಗೆ ಇಟ್ಟುಕೊಂಡ. ಲೈಲ್ ನೋಡಿದ. ಕೊಡು ಅನ್ನಲಿಲ್ಲ.

ಅರ್ಧ ದಾರಿಗೆ ಅವನೇ ಬಾಯಿಬಿಟ್ಟ. "ಅದೆಷ್ಟು ಅಡಿ ಅಂದೆ, ನಿನ್ ಕೋಲು?"

"ಒಂಬತ್ತು."

"ಬಾಗಲ್ವಾ?"

"ನಿನ್ ಬುದ್ಧಿ ಥರ. ಬಾಗೋದೇ ಇಲ್ಲ."

ಲೈಲ್ ನಡುಗುತ್ತ ನಕ್ಕ. "ಕೈ ವಾಸಿಯಾಗ್ಲಿ. ಅಂಥದ್ದೊಂದು ಆರಿಸ್ಕೊಡು."

"ಮೊದ್ಲು ಆ ಟವೆಲ್ ಬಿಗಿಯಾಗಿ ಹಿಡ್ಕೋ, ದಡ್ಡ," ಅಂದ ರೂಬೆನ್, ತಾನೇ ಎರಡೂ ಕೈಯಲ್ಲಿ ಹಿಡಿದುಕೊಂಡು.