ಚಾವಣಿಯ ಮೇಲಿನ ಬೀದಿ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಪುಟ್ಟಿ ಮಲಗುವ ಕೋಣೆಯ ಬಾಗಿಲಲ್ಲಿ ನಿಂತು, ಎರಡು ಕೈಗಳ ಹೆಬ್ಬೆರಳು ತೋರುಬೆರಳು ಜೋಡಿಸಿ ಚೌಕಟ್ಟು ಮಾಡಿ, ಅದರೊಳಗಿಂದ ಕೋಣೆಯನ್ನು ನೋಡಿದಳು. ಮಂಚ ಕಿಟಕಿಗೆ ಒತ್ತಿಕೊಂಡಿತ್ತು. ತಿಳಿಹಸಿರು ಹೊದಿಕೆ, ಮೂರು ಅಳತೆಯ ದಿಂಬುಗಳು, ಎರಡು ಪದರದ ಪರದೆ, ಗಾಜಿನ ಹೂದಾನಿಯಲ್ಲಿ ಒಂದೇ ಒಂದು ಕೊಂಬೆ. ಪರದೆಯ ಅಂಚನ್ನು ನಾಲ್ಕು ಬೆರಳು ಸರಿಸಿ ಬಂದು ಮತ್ತೆ ನೋಡಿದಳು. ಒಂದು ಎಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ.

ವಯಸ್ಸು ಮೂವತ್ತನಾಲ್ಕಾದರೂ ಮನೆಯಲ್ಲಿ ಅವಳು ಪುಟ್ಟಿಯೇ. ಮಂಚ, ಬೀರು ತಯಾರಿಸುವ ಕಂಪನಿಯೊಂದಕ್ಕೆ ಮಾದರಿ ಕೋಣೆಗಳನ್ನು ಜೋಡಿಸುವುದು ಅವಳ ಕೆಲಸ. ಹನ್ನೊಂದು ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ಮಲಗುವ ಕೋಣೆಗಳನ್ನು ಜೋಡಿಸಿದ್ದಳು. ಫೋಟೋ ತೆಗೆದ ಮೇಲೆ ಎಲ್ಲವನ್ನೂ ಬಿಚ್ಚಿ ಲಾರಿಗೆ ತುಂಬುವುದೂ ಅವಳೇ. ಆದರೆ ಈ ಕೋಣೆ ಫೋಟೋಕ್ಕಲ್ಲ, ಚಿಕ್ಕಮ್ಮನಿಗೆ.

ತಾಯಿಯಿಲ್ಲದ ಪುಟ್ಟಿಯನ್ನು ಆರನೆಯ ವಯಸ್ಸಿನಿಂದ ಸಾಕಿದವಳು ಚಿಕ್ಕಮ್ಮ. ಸಂಚಾರಿ ಪೊಲೀಸ್ ಕೆಲಸ. ಇದೇ ಮನೆಯ ಕೆಳಗಿನ ನಾಲ್ಕು ರಸ್ತೆ ಕೂಡುವ ವೃತ್ತದಲ್ಲಿ ಹತ್ತೊಂಬತ್ತು ವರ್ಷ ನಿಂತವಳು. ಹೋದ ತಿಂಗಳು ಹಿಂದಿನಿಂದ ಬಂದ ಮೋಟಾರು ಬೈಕೊಂದು ಗುದ್ದಿ ಬೆನ್ನುಮೂಳೆಯ ಒಂದು ಮಣಿ ಬಿರುಕು ಬಿಟ್ಟಿತ್ತು. ಡಾಕ್ಟರು ಸುತ್ತುಬಳಸದೆ ಹೇಳಿದ್ದರು: ಇನ್ನು ಆರು ವಾರ ಅಂಗಾತ ಮಲಗಿರಬೇಕು, ಕುತ್ತಿಗೆ ತಿರುಗಿಸಬಾರದು, ಏಳುವ ಮಾತೇ ಇಲ್ಲ. ಮಣಿ ಎರಡು ಮಿಲಿಮೀಟರ್ ಜರುಗಿತೋ, ಕಾಲುಗಳ ಆಸೆ ಬಿಡಬೇಕು. ಆಸ್ಪತ್ರೆಯಲ್ಲಿ ಹಾರನ್ ಕೇಳಿ ಚಿಕ್ಕಮ್ಮ ಎರಡು ಸಲ ಮೊಣಕೈ ಊರಿ ಏಳಲು ಹೋಗಿದ್ದಳು. ಕಿಟಕಿಯ ಪಕ್ಕ ಮಲಗಿಸಿದರೆ ಮನಸ್ಸು ನಿಂತೀತು ಎಂಬುದು ಪುಟ್ಟಿಯ ಲೆಕ್ಕಾಚಾರ.

ಸಂಜೆ ನಾಲ್ಕಕ್ಕೆ ಸ್ಟ್ರೆಚರ್ ಬಂತು. ಚಿಕ್ಕಮ್ಮನನ್ನು ಹಲಗೆಯಂತೆ ಎತ್ತಿ ಮಂಚದ ಮೇಲಿಟ್ಟರು.

"ಕಿಟಕಿ ಎಲ್ಲೇ?" ಎಂದಳು ಚಿಕ್ಕಮ್ಮ.

"ನಿನ್ನ ಪಕ್ಕದಲ್ಲೇ ಇದ್ಯಲ್ಲ."

"ಪಕ್ಕ ಅನ್ನೋದು ನನಗೆಲ್ಲಿದೆ ಈಗ? ನನಗಿರೋದು ಮೇಲೆ ಒಂದೇ."

ಚಿಕ್ಕಪ್ಪ ಬಾಗಿಲಲ್ಲಿ ನಿಂತು ಹೇಳಿದ, "ಏನೇ ಹೇಳು, ಕೋಣೆ ಮಾತ್ರ ಅರಮನೆ ಥರ ಆಗಿದೆ."

"ಬಾಗಿಲಲ್ಲಿ ನಿಂತೋರಿಗೆ ಅರಮನೆ. ನಾನು ಬಾಗಿಲಲ್ಲಿ ನಿಂತಿಲ್ಲ ಕಣ್ರೀ."

ಚಿಕ್ಕಪ್ಪ ಟೈಲರ್. ಮುಂದಿನ ಕೋಣೆಯಲ್ಲಿ ಅವನ ಹೊಲಿಗೆ ಯಂತ್ರ. ಮಾರನೆಯ ದಿನ, ಅಂಗಿ ಅಳೆಸಲು ಬಂದವರು ನೋಡುವ ದೊಡ್ಡ ಕನ್ನಡಿಯನ್ನು ಹೊತ್ತು ತಂದು ಮಂಚದ ಮೇಲೆ ಓರೆಯಾಗಿ ಹಿಡಿದ. ಭಾರಕ್ಕೆ ವಾಲಿದ ಕನ್ನಡಿಯಲ್ಲಿ ಚಿಕ್ಕಮ್ಮನ ಮುಖವೇ ತುಂಬಿಕೊಂಡಿತು. "ಈ ಮುಖ ನೋಡ್ಕೊಂಡು ಆರು ವಾರ ಕಳೀಬೇಕಾ? ನೀವೇ ಹೇಗೋ ಮೂವತ್ತು ವರ್ಷ ಕಳೆದ್ರಿ, ನನಗೆ ಅಷ್ಟು ತಾಳ್ಮೆ ಇಲ್ಲ." ಕನ್ನಡಿ ವಾಪಸ್ಸು ಹೋಯಿತು.

ಕಿಟಕಿಯ ಪಕ್ಕ ತಂದದ್ದರಿಂದ ಒಂದು ಕೆಡುಕೂ ಆಗಿತ್ತು. ಬೀದಿಯ ಸದ್ದು ಈಗ ಕಿವಿಯ ಬುಡಕ್ಕೇ ಬರುತ್ತಿತ್ತು. ಬ್ರೇಕಿನ ಕಿರುಚು, ಯಾರದೋ ಬೈಗುಳ, ಅರ್ಧಕ್ಕೇ ನಿಂತ ಸೀಟಿ. ಕೇಳಿಸುತ್ತದೆ, ಕಾಣಿಸುವುದಿಲ್ಲ. ಗುರುವಾರ ಬೆಳಿಗ್ಗೆ ಕೆಳಗೆ ಏನೋ ದಡಾರೆಂದಿತು. ಚಿಕ್ಕಪ್ಪ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಓಡಿ ಬಂದಾಗ ಚಿಕ್ಕಮ್ಮನ ಎಡ ಭುಜ ಹಾಸಿಗೆಯಿಂದ ಎದ್ದಿತ್ತು. ಅದುಮಿ ಮಲಗಿಸಿದ. ಫೋನಿನಲ್ಲಿ ಡಾಕ್ಟರು ಸಿಡುಕಿದರು: ಇನ್ನೊಮ್ಮೆ ಹೀಗಾದರೆ ವಾಪಸ್ಸು ಕರೆತನ್ನಿ, ಇಲ್ಲಿ ಪಟ್ಟಿ ಬಿಗಿದು ಮಲಗಿಸುತ್ತೇವೆ.

ಪುಟ್ಟಿ ಮಂಚದ ಖಾಲಿ ಅರ್ಧದಲ್ಲಿ ಚಿಕ್ಕಮ್ಮನ ಪಕ್ಕ ಅಂಗಾತ ಮಲಗಿ, ಕುತ್ತಿಗೆ ತಿರುಗಿಸದೆ ಇಪ್ಪತ್ತು ನಿಮಿಷ ಮೇಲೆ ನೋಡಿದಳು. ಕಂಡದ್ದು ಬಿಳಿ ಚಾವಣಿ, ಒಂದು ಕೊಕ್ಕೆ, ಪರದೆಯ ಸರಳಿನ ತಳದಲ್ಲಿ ಕಿತ್ತುಹಾಕಲು ಮರೆತ ಬೆಲೆಚೀಟಿ. ಹೂದಾನಿ ಕಾಣಲಿಲ್ಲ. ಮೂರು ಅಳತೆಯ ದಿಂಬುಗಳಂತೂ ಕೆಳಗೆ ನೆಲದ ಮೇಲಿದ್ದವು. ಮುನ್ನೂರು ಕೋಣೆಗಳನ್ನು ಅವಳು ಜೋಡಿಸಿದ್ದು ಬಾಗಿಲಲ್ಲಿ ನಿಲ್ಲುವ ಕ್ಯಾಮೆರಾಗೆ. ಅವುಗಳಲ್ಲಿ ಒಂದರಲ್ಲೂ ಯಾರೂ ಒಂದು ರಾತ್ರಿ ಮಲಗಿರಲಿಲ್ಲ. ಇಲ್ಲೂ ಅಭ್ಯಾಸಬಲದಿಂದ ಅದನ್ನೇ ಮಾಡಿದ್ದಳು.

"ಹನ್ನೊಂದು ವರ್ಷದಿಂದ ನಾನು ಮಾಡ್ತಿರೋದು ಇದೇನಾ ಚಿಕ್ಕಮ್ಮ?"

"ಅಳಬೇಡ, ನನ್ನ ಕೈಲಿ ಕಣ್ಣೊರೆಸೋಕೂ ಆಗಲ್ಲ. ಮೊದಲು ಈ ಬಿಸಿಲು ಮುಚ್ಚು. ಕಣ್ಣು ಚುಚ್ಚುತ್ತೆ. ಒಂದು ಗಳಿಗೆ ನಿದ್ದೆಯಾದರೂ ಬರಲಿ."

ಕೆಲಸದ ಚೀಲದಲ್ಲಿ ಫೋಟೋ ತೆಗೆಯುವಾಗ ಬೆಳಕು ತಡೆಯಲು ಬಳಸುವ ಕಪ್ಪು ಹಲಗೆಗಳಿದ್ದವು. ಕಿಟಕಿಯ ಗಾಜಿಗೆ ಅವನ್ನು ಒತ್ತಿ, ಅಂಚಿಗೆಲ್ಲ ಟೇಪು ಸುತ್ತಿದಳು. ಬೆಳಕು ಸೋರಿದರೆ ಫೋಟೋಗ್ರಾಫರ್ ಕೂಗಾಡುತ್ತಿದ್ದ, ಹಾಗಾಗಿ ಅವಳ ಕೈಗೆ ಅದೊಂದು ಶಿಸ್ತು ಅಂಟಿತ್ತು. ಕೊನೆಯ ಹಲಗೆಯಲ್ಲಿ ಮಾತ್ರ ಹಿಂದೆಂದೋ ದೀಪದ ವಯರು ತೂರಿಸಲು ಕೊರೆದ ತೂತಿತ್ತು, ಕಿರುಬೆರಳು ಹೋಗುವಷ್ಟು. ಅಷ್ಟರಲ್ಲಿ ಟೇಪು ಮುಗಿಯಿತು. ತರಲು ಕೆಳಗಿಳಿದು ಅಂಗಡಿಗೆ ಹೋದಳು.

ತಿರುಗಿ ಬಂದದ್ದು ಹನ್ನೆರಡೂ ಹತ್ತಕ್ಕೆ. ಕತ್ತಲಲ್ಲಿ ತಡವರಿಸುತ್ತ ತೂತಿನ ಕಡೆ ಕೈ ಚಾಚಿದಳು.

"ಅದನ್ನ ಮುಚ್ಚಬೇಡ," ಎಂದಳು ಚಿಕ್ಕಮ್ಮ. ಆ ದನಿ ಪುಟ್ಟಿ ಕೇಳಿದ್ದೇ ಅಲ್ಲ. ಪೊಲೀಸಿನವಳ ದನಿಯೂ ಅಲ್ಲ, ರೋಗಿಯ ದನಿಯೂ ಅಲ್ಲ. "ಬಾಗಿಲು ಹಾಕು. ಬಂದು ಮಲಗು. ಸುಮ್ಮನೆ ಮೇಲೆ ನೋಡು."

ಮೊದಲು ಏನೂ ಕಾಣಲಿಲ್ಲ. ಬಿಸಿಲಲ್ಲಿ ಓಡಾಡಿದ ಕಣ್ಣು ಕತ್ತಲಿಗೆ ಹೊಂದಲು ಐದಾರು ನಿಮಿಷವೇ ಬೇಕಾಯಿತು. ಆಮೇಲೆ ಚಾವಣಿಯ ಮೇಲೆ ಬೂದು ಬಣ್ಣದ ಏನೋ ಹರಿದಂತಾಯಿತು. ಮತ್ತೊಂದು ಹರಿಯಿತು. ಆಮೇಲೆ ಒಂದು ಬಸ್ಸು.

ಬಸ್ಸೇ. ಎರಡು ಮೂರು ಮೊಳ ಉದ್ದದ, ಕೆಂಪು ಎಂದು ಊಹಿಸಬಹುದಾದಷ್ಟು ಕೆಂಪಗಿನ ಬಸ್ಸು ಕೊಕ್ಕೆಯ ಕೆಳಗೆ ಹಾದು, ನಿಂತು, ಅದರ ಹೊಟ್ಟೆಯಿಂದ ಗೇಣುದ್ದದ ಮನುಷ್ಯರು ಇಳಿದರು. ಅವರ ಕಾಲು ಕಿಟಕಿಯ ಕಡೆಗೆ, ತಲೆ ಬಾಗಿಲ ಕಡೆಗೆ. ಗಾಡಿಯ ಸದ್ದು ಮಲಗಿದ್ದ ಇವರ ಕಾಲ ಕಡೆಯಿಂದ ಬಂದರೆ ಅದರ ಚಿತ್ರ ಇವರ ತಲೆ ಕಡೆಯಿಂದ ಬರುತ್ತಿತ್ತು. ಯಾರೋ ಕೊಡೆ ಬಿಚ್ಚಿದರು; ಹಿಡಿಯಷ್ಟು ಹೂವೊಂದು ಅರಳಿದಂತೆ ಕಂಡಿತು. ಒಬ್ಬಳು ಮಗುವಿನ ಕೈ ಹಿಡಿದು ರಸ್ತೆ ದಾಟಿದಳು. ನಾಲ್ಕನೆಯ ಮಹಡಿಯ ಕತ್ತಲ ಕೋಣೆಯಲ್ಲಿ, ಇಬ್ಬರ ಮುಖದ ಮೇಲೆ, ಇಡೀ ಬೀದಿ ನಡೆಯುತ್ತಿತ್ತು.

ಪುಟ್ಟಿಗೆ ಮೈ ಜುಮ್ಮೆಂದಿತು. ಇದರ ಕಾರಣ ಅವಳು ಓದಿದವಳೇ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವಳೇ. ಬೆಳಕು ನೇರವಾಗಿ ಚಲಿಸುತ್ತದೆ. ಕೆಳಗಿನಿಂದ ಹೊರಟದ್ದು ತೂತಿನಲ್ಲಿ ಹಾದು ಮೇಲಕ್ಕೇ ಹೋಗುತ್ತದೆ, ಚಾವಣಿಗೆ ಬೀಳುತ್ತದೆ. ಕಾರಣ ಗೊತ್ತಿದ್ದರೂ ಬೆರಗು ಒಂದಿಷ್ಟೂ ಇಳಿಯಲಿಲ್ಲ, ಏರಿತು. ಅಷ್ಟು ಜನ, ಅಷ್ಟು ಗಾಡಿ, ಎದುರಿನ ಗೋಡೆಯ ಹಳದಿ, ಎಲ್ಲದರ ಬೆಳಕೂ ಕಿರುಬೆರಳಿನ ಗಾತ್ರದ ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗುತ್ತಿತ್ತು. ಯಾರೂ ಯಾರಿಗೂ ಡಿಕ್ಕಿ ಹೊಡೆಯಲಿಲ್ಲ.

ಇನ್ನೊಂದು ವಿಷಯ ಆಮೇಲೆ ಹೊಳೆಯಿತು, ಅದು ಅವಳನ್ನು ಮತ್ತಷ್ಟು ಅಲುಗಿಸಿತು. ಈ ಬೀದಿ ಈಗ ಬಂದದ್ದಲ್ಲ. ಕಿಟಕಿ ತೆರೆದಿದ್ದಾಗಲೂ ಅದು ಚಾವಣಿಯ ಮೇಲೆ ಇದ್ದೇ ಇತ್ತು. ಒಂದಲ್ಲ, ಸಾವಿರಾರು ಬೀದಿಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಿದ್ದವು, ಅದಕ್ಕೇ ಬರೀ ಬಿಳಿಯಾಗಿ ಕಂಡಿದ್ದವು. ತಾನು ಬೆಳೆದ ಮನೆಯ ಪ್ರತಿ ಗೋಡೆಯೂ ಇಷ್ಟು ವರ್ಷ ಹೀಗೆ ಹೊರಗಿನ ಲೋಕವನ್ನು ಹೊದ್ದುಕೊಂಡೇ ನಿಂತಿತ್ತು.

ಚಿಕ್ಕಪ್ಪನನ್ನು ಕರೆದರು. ಅವನಿಗೆ ನಂಬಿಕೆಯಾಗಲಿಲ್ಲ. "ಎಲ್ಲೋ ಸಿನಿಮಾ ಬಿಟ್ಟಿದ್ದೀರಿ ಇಬ್ರೂ" ಎಂದು ಗದರಿದ. ಪರೀಕ್ಷಿಸಲೆಂದು ಹಳದಿ ಬಟ್ಟೆಯ ತುಂಡು ಹಿಡಿದು ತಾನೇ ಕೆಳಗಿಳಿದ. ಸ್ವಲ್ಪ ಹೊತ್ತಿಗೆ ಚಾವಣಿಯ ಮೇಲೆ ಗೇಣುದ್ದದ ಟೈಲರ್ ಒಬ್ಬ ಬಟ್ಟೆ ಬೀಸುತ್ತ ಕುಣಿದ.

"ಗಾಡಿ ಬರ್ತಿದೆ, ಪಕ್ಕಕ್ಕೆ ಸರೀರಿ," ಎಂದು ಚಿಕ್ಕಮ್ಮ ಚಾವಣಿಗೆ ಹೇಳಿದಳು. ಕಣ್ಣಿನ ಕೊನೆಯಿಂದ ನೀರಿಳಿದು ಕಿವಿಯೊಳಗೆ ಹೋಗುತ್ತಿತ್ತು. "ಹತ್ತೊಂಬತ್ತು ವರ್ಷ ಅದರ ನಡುವೆ ನಿಂತಿದ್ದೆ ಪುಟ್ಟಿ. ಒಂದೊಂದೇ ಗಾಡಿ ಕಾಣ್ತಿತ್ತು, ಒಂದೊಂದೇ ತಪ್ಪು. ಅದು ಹೀಗೆ ಒಟ್ಟಿಗೆ ಉಸಿರಾಡುತ್ತೆ ಅಂತ ಗೊತ್ತೇ ಇರಲಿಲ್ಲ."

ಅಂದೇ ಸಂಜೆ ಪುಟ್ಟಿ ಕೋಣೆಯನ್ನು ಮತ್ತೊಮ್ಮೆ ಜೋಡಿಸಿದಳು, ಈ ಸಲ ದಿಂಬಿನ ಜಾಗದಿಂದ. ಹೂದಾನಿ, ದೀಪ, ಎರಡು ಪದರದ ಪರದೆ ಹೊರಗೆ ಹೋದವು. ಕೊಕ್ಕೆ ಕಿತ್ತು, ಚಿಕ್ಕಮ್ಮನಿಗೆ ಹಾಳೆ ಹೊದಿಸಿ, ಚಾವಣಿಗೆ ಹೊಳಪಿಲ್ಲದ ಬಿಳಿ ಬಳಿದಳು. ಮಾರನೆಯ ದಿನ ಬಿಸಿಲೇರಿದ ಮೇಲೆ, ವೃತ್ತ ಸರಿಯಾಗಿ ಕಣ್ಣಿನ ಮೇಲೆ ಬರುವಂತೆ ಮಂಚವನ್ನು ಕಿಟಕಿಯಿಂದ ಅಂಗುಲ ಅಂಗುಲವಾಗಿ ಸರಿಸಿದಳು. ಬಾಗಿಲಲ್ಲಿ ನಿಂತು ನೋಡಿದರೆ ಹಳೆ ಸಾಮಾನಿನ ಕೋಣೆ. ಚಿಕ್ಕಪ್ಪ ತಲೆ ಕೆರೆದುಕೊಂಡ.

ದಿನಗಳು ಹಾಗೇ ಸಾಗಿದವು. ಹಾರನ್ ಕೇಳಿದರೆ ಚಿಕ್ಕಮ್ಮ ಈಗ ಕಣ್ಣಷ್ಟೇ ಹೊರಳಿಸುತ್ತಿದ್ದಳು. ಹೊದಿಕೆಯ ಮೇಲೆ ಎರಡು ಬೆರಳೆತ್ತಿ ಬಸ್ಸು ನಿಲ್ಲಿಸುತ್ತಿದ್ದಳು, ಬಿಡುತ್ತಿದ್ದಳು. ಮೋಡ ಕವಿದ ನಾಲ್ಕು ದಿನ ಚಾವಣಿ ಖಾಲಿಯಿತ್ತು. ಚಿಕ್ಕಮ್ಮ ಮತ್ತೆ ಏಳಲು ಹೋದಾಳೆಂದು ಮನೆಯವರು ಸರದಿಯ ಮೇಲೆ ಪಕ್ಕದಲ್ಲೇ ಕೂತರು. ಮೂರನೆಯ ದಿನ ಕೆಳಗೆ ಗಲಾಟೆ ಎದ್ದಾಗ ಪುಟ್ಟಿ ಅವಳ ಭುಜದ ಮೇಲೆ ಕೈಯಿಟ್ಟಳು. "ಬಿಡೇ, ಏಳಲ್ಲ. ಬಿಸಿಲು ಬಂದ ಮೇಲೆ ಅದೇ ಮೇಲೆ ಬರುತ್ತೆ," ಎಂದಳು ಚಿಕ್ಕಮ್ಮ, ಖಾಲಿ ಬಿಳಿಯನ್ನು ನೋಡುತ್ತಲೇ.

ಏಪ್ರಿಲ್ ಇಪ್ಪತ್ತೆರಡರಂದು ಆಸ್ಪತ್ರೆಯಲ್ಲಿ ಮತ್ತೆ ಎಕ್ಸ್‌ರೇ ತೆಗೆದರು. ಡಾಕ್ಟರು ಹಳೆಯದನ್ನೂ ಹೊಸದನ್ನೂ ಬೆಳಕಿನ ಪೆಟ್ಟಿಗೆಯ ಮೇಲೆ ಅಕ್ಕಪಕ್ಕ ಇಟ್ಟು, ಭೂತಗನ್ನಡಿ, ಅಳತೆಪಟ್ಟಿ ಹಿಡಿದು ಬಹಳ ಹೊತ್ತು ನೋಡಿದರು. ಪುಟ್ಟಿ ಚಿಕ್ಕಮ್ಮನ ಪಾದ ಹಿಡಿದುಕೊಂಡಿದ್ದಳು. ಪಾದ ಬೆಚ್ಚಗಿತ್ತು, ಬೆರಳುಗಳು ಅವಳ ಅಂಗೈಯನ್ನು ಒತ್ತುತ್ತಿದ್ದವು. ಡಾಕ್ಟರು ಇನ್ನೊಮ್ಮೆ ಅಳೆದು, ಕಾಗದದ ಮೇಲೆ ಬರೆದರು. ಆರು ವಾರಗಳಲ್ಲಿ ಮಣಿ ಜರುಗಿದ್ದು 0.3 ಮಿಲಿಮೀಟರ್.