ನೆಲ ತಟ್ಟುವ ಗುಂಡು

ಮೋಹನದಾಸರ ಗ್ಯಾರೇಜಿನೊಳಗೆ ಕಾರು ನಿಂತದ್ದನ್ನು ಕೆನಡಾದ ಸ್ಟೌಫ್‌ವಿಲ್ಲಿನ ಆ ಬೀದಿಯಲ್ಲಿ ಯಾರೂ ನೋಡಿಲ್ಲ. ಕಾರಿಗೆ ಮಳೆ, ಹಿಮ ಎಲ್ಲ ಹೊರಗೇ. ಒಳಗೆ ಇರುವುದು ಗಾಳ, ದಾರ, ಕೋಲು, ಡಬ್ಬಿಗಳು. ಅಕ್ಟೋಬರ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಅವರು ಹಳೆಯ ಬೆಡ್‌ಶೀಟ್ ಹಾಸಿ, ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟುಕೊಂಡು ಕೂತಿದ್ದರು. ಎದುರಿಗೆ ಮಡಚುವ ಕುರ್ಚಿಯಲ್ಲಿ ಶ್ರೀನಾಥ. ಅವನು ಹಾಸನದ ಕಡೆಯವನು. ಮನೆ ಎರಡು ಬೀದಿ ಆಚೆ. ದೋಣಿ ಅವನದು, ನೀರಿನ ಅನುಭವ ಮೋಹನದಾಸರದು.

"ಅಲ್ಲಾ ದಾಸಣ್ಣ, ಮತ್ತೆ ಅದೇ ದಪ್ಪ ಗುಂಡಾ? ಹೋದ ವಾರ ನದಿ ತಳಕ್ಕೆ ನೀವು ಕೊಟ್ಟು ಬಂದಿರೋ ಸೀಸದಲ್ಲಿ ಒಂದು ಸೇತುವೆ ಕಟ್ಟಬಹುದಿತ್ತು."

"ನದಿಗೆ ಸೆಳೆತ ಉಂಟು ಮಾರಾಯ್ರೆ. ಹಗುರದ್ದು ಹಾಕಿದ್ರೆ ಗಾಳಿಪಟದ ಹಾಗೆ ಮೇಲೆ ಹಾರ್ತದೆ."

"ಹಾರೋದಿಲ್ಲ ಕಣ್ರೀ. ನೀವೇ ನಂಗೆ ಕಲಿಸಿದ್ದು. ಗುಂಡು ನೆಲ ತಟ್ಟಬೇಕು, ನೆಲ ಉಳಬಾರದು ಅಂತ."

ಮೋಹನದಾಸರು ಇನ್ನೊಂದು ದಪ್ಪ ಗುಂಡು ಎತ್ತಿಕೊಂಡರು. ಅವರ ಮುಂದೆ ಎರಡು ಬಗೆಯ ಕಟ್ಟುಗಳಿದ್ದವು. ಒಂದು, ಬಾಗಿದ ತಂತಿಯ ನಡುವೆ ಗುಂಡು ಕೂರಿಸಿದ್ದು. ತಂತಿಯ ತುದಿ ಕಲ್ಲಿನಿಂದ ಕಲ್ಲಿಗೆ ಕುಂಟುತ್ತ ಹೋಗುತ್ತದೆ. ಇನ್ನೊಂದು, ಮೂರು ಕವಲಿನ ಕೊಂಡಿಯದು. ಒಂದು ಕವಲು ದೋಣಿಯ ಕಡೆಗೆ, ಇನ್ನೊಂದರಿಂದ ಗಿಡ್ಡ ದಾರದಲ್ಲಿ ಗುಂಡು ಕೆಳಗೆ, ಮೂರನೆಯದರಲ್ಲಿ ಉದ್ದ ದಾರ, ಅದರ ತುದಿಗೆ ಹೊಟ್ಟೆಯಡಿ ಗಾಳವಿರುವ ಮರದ ಪುಟ್ಟ ಮೀನು. ದೋಣಿ ಸೆಳೆತದ ಎದುರು ನಿಧಾನ ಸಾಗುವಾಗ ಗುಂಡು ಆಗಾಗ ನೆಲ ಮುಟ್ಟುತ್ತಿರಬೇಕು. ಮರದ ಮೀನು ಅದರ ಹಿಂದೆ ಒಂದು ಗೇಣು ಮೇಲೆ ಈಜಬೇಕು. ಅವರು ಹಿಡಿಯುವ, ಇಲ್ಲಿನ ಸಿಹಿನೀರಿನ ವಾಲೈ ಮೀನು ಇರುವುದೇ ಅಲ್ಲಿ.

ಮೋಹನದಾಸರ ಹೆಂಡತಿ ಮೋಹಿನಿ, ಗ್ಯಾರೇಜಿಗೆ ತೆರೆಯುವ ಅಡುಗೆಮನೆಯ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದಳು. ಹೊಸ್ತಿಲ ಆಚೆ ಅವಳು ಕಾಲಿಡುವುದಿಲ್ಲ. ಮದುವೆಯಾಗಿ ಮಲ್ಪೆಗೆ ಬಂದ ವಾರವೇ ಅತ್ತೆ ಹೇಳಿದ್ದರು: ಹಾಸಿದ ಬಲೆಯನ್ನು ಹೆಂಗಸರು ದಾಟುವುದಿಲ್ಲ, ದೋಣಿ ಹತ್ತುವುದೂ ಇಲ್ಲ. ಗಂಡಸರು ತಂದ ಮೀನನ್ನು ಬುಟ್ಟಿಯಲ್ಲಿ ಹೊತ್ತು ಮಾರುವುದು ಹೆಂಗಸರ ಪಾಲಿನ ಕೆಲಸ. ಕೆನಡಾಕ್ಕೆ ಬಂದ ಮೇಲೆ ಬುಟ್ಟಿ ಹೋಗಿ, ಮಾರ್ಕಮ್ಮಿನ ಚೀನೀ ಅಂಗಡಿಯಲ್ಲಿ ಮೀನಿನ ಕೌಂಟರಿನ ಕೆಲಸ ಬಂತು. ಹೊಸ್ತಿಲು ಮಾತ್ರ ಹಾಗೇ ಉಳಿಯಿತು. ಅದನ್ನು ದಾಟುವ ಅಗತ್ಯ ಅವಳಿಗೂ ಬಿದ್ದಿರಲಿಲ್ಲ.

"ನಾಳೆ ಟ್ರೆಂಟ್ ನದಿಯಲ್ಲಿ ಟ್ರಯಲ್ ಅಕ್ಕ," ಎಂದ ಶ್ರೀನಾಥ. "ಯಾವ ಗುಂಡು ಅಂತ ಸೆಟ್ ಆಗ್ಬಿಟ್ರೆ ಮುಂದಿನ ವಾರ ಸಾಗರ್."

"ಸಾಗರವಾ? ಸಾಗರ ಬಿಟ್ಟು ಇಷ್ಟು ದೂರ ಬಂದದ್ದು. ಪುನಃ ಎಂತಕ್ಕೆ?"

ಶ್ರೀನಾಥ ನಕ್ಕ ರಭಸಕ್ಕೆ ಕುರ್ಚಿ ಕಿರುಗುಟ್ಟಿತು. "ಅದು ಮೀನಿನ ಹೆಸರು ಮೋಹಿನಕ್ಕ! ವಾಲೈಗೆ ತಮ್ಮ ಇದ್ದ ಹಾಗೆ. ಬೆನ್ನಿನ ರೆಕ್ಕೆ ಮೇಲೆ ಚುಕ್ಕಿ ಇರುತ್ತೆ. ಒಟ್ಟಾವಾ ನದೀಲಿ ಸಿಗುತ್ತೆ. ದಾಸಣ್ಣ ಎರಡು ವರ್ಷದಿಂದ ಹೇಳ್ತಾ ಇದಾರೆ, ಒಂದ್ಸಲ ಹಿಡೀಬೇಕು ಅಂತ."

ಮೋಹನದಾಸರೂ ನಕ್ಕರು. ನಗುತ್ತಲೇ ಮರದ ಮೀನನ್ನು ಕೊಂಡಿಗೆ ಸಿಕ್ಕಿಸುತ್ತಿದ್ದರು. ಮೋಹಿನಿಯ ಕಣ್ಣು ಅವರ ಕೈ ಮೇಲೆ ಬಿತ್ತು. ಮರದ ಮೀನಿನ ಹೊಟ್ಟೆಯಡಿಯ ಗಾಳದ ಮೊನೆ ಹೆಬ್ಬೆರಳಿಗೆ ಚುಚ್ಚಿಕೊಂಡಿತ್ತು. ಬೆಡ್‌ಶೀಟಿನ ಮೇಲೆ ರಕ್ತದ ಒಂದು ಹನಿ, ಅದರ ಪಕ್ಕ ಇನ್ನೊಂದು. ಶ್ರೀನಾಥ ಇನ್ನೂ ನಗುತ್ತ ಅವಳ ಕಡೆಗೇ ತಿರುಗಿದ್ದ. ಮೋಹನದಾಸರು ಹುಬ್ಬು ಕೂಡ ಗಂಟಿಕ್ಕಲಿಲ್ಲ. ಕೈ ಆಡಿಸುತ್ತ, ಮೂರು ಔನ್ಸಿನ ಗುಂಡೇ ಸರಿ ಎಂದು ಶ್ರೀನಾಥನಿಗೆ ಹೇಳುತ್ತಿದ್ದರು.

ಅವಳು ಲೋಟವನ್ನು ಹೊಸ್ತಿಲ ಮೇಲೆ ಇಟ್ಟಳು. ಆಮೇಲೆ, "ಓ ಇವ್ರೇ, ಒಮ್ಮೆ ಒಳಗೆ ಬನ್ನಿ. ಮೇಲಿನ ಡಬ್ಬಿ ನನಗೆ ಎಟಕುದಿಲ್ಲ," ಎಂದಳು.

ಒಳಗೆ ಬಂದ ಮೇಲೆ ಅವರ ಕೈ ಹಿಡಿದು ದೀಪದಡಿ ತಿರುಗಿಸಿದಳು. ಆಗಲೇ ಅವರೂ ನೋಡಿದ್ದು. ಮರದ ಮೀನು ಇನ್ನೂ ಕೈಯಲ್ಲೇ ಇತ್ತು. ಮೊನೆ ಆಳಕ್ಕೆ ಹೋಗಿರಲಿಲ್ಲ, ಎಳೆದಾಗ ಬಂತು. ಮನೆಯಲ್ಲಿ ಇಬ್ಬರೇ ಇದ್ದರೆ ತುಳು. ಇವತ್ತು ಮಾತ್ರ ಶ್ರೀನಾಥನ ಎದುರು ಆಡಿದ ಕನ್ನಡವನ್ನೇ ಅವಳು ಬಿಡಲಿಲ್ಲ. ತುಳುವಿಗೆ ತಿರುಗಿದರೆ ತನ್ನ ದನಿ ಮೆತ್ತಗಾದೀತು ಎಂದು ಅವಳಿಗೆ ಗೊತ್ತಿತ್ತು.

"ಯಾವಾಗಿಂದ?"

"ಎಂತದು ಯಾವಾಗಿಂದ?"

"ನನ್ನ ಹತ್ರ ನಾಟಕ ಬೇಡ."

ಮೋಹನದಾಸರು ನಲ್ಲಿ ತಿರುಗಿಸಿ ಬೆರಳನ್ನು ನೀರಿಗೆ ಹಿಡಿದರು. ನೀರು ಬಿಸಿಯೋ ತಣ್ಣಗೋ ಎಂದು ಅವರು ನೋಡಲಿಲ್ಲ. ಅವಳೇ ಕೈ ಚಾಚಿ ನೋಡಿ, ತಣ್ಣಗಿನದಕ್ಕೆ ತಿರುಗಿಸಿದಳು.

"ಶುಗರಿನದ್ದಂತೆ," ಎಂದರು ಕೊನೆಗೆ. "ಬೇಸಿಗೆಯಲ್ಲೇ ಡಾಕ್ಟ್ರು ಹೇಳಿದ್ರು. ಬೆರಳ ತುದಿಯಲ್ಲಿ ಜೋಮು. ಸ್ಪ್ಯಾನರ್ ಹಿಡಿಲಿಕ್ಕೆ ತೊಂದರೆ ಇಲ್ಲ, ಕೆಲಸ ಆಗ್ತದೆ. ಹಗುರದ ಗುಂಡು ಹಾಕಿದ್ರೆ ಮಾತ್ರ..." ಮಾತು ನಿಲ್ಲಿಸಿ ಬೆರಳನ್ನೇ ನೋಡಿದರು. "ನೆಲ ಗೊತ್ತಾಗುದಿಲ್ಲ. ಅದಕ್ಕೇ ಭಾರದ್ದು."

"ನನಗೆ ಹೇಳ್ಲಿಕ್ಕೆ ಎಂತ ದಾಡಿ ಇತ್ತು?"

"ಹೇಳಿದ್ರೆ ನೀನು ದೋಣಿಗೆ ಬಿಡ್ತಿದ್ಯಾ? ಗೊತ್ತಾದ್ರೆ ಅವನಾದ್ರೂ ಕರ್ಕೊಂಡು ಹೋಗ್ತಾನಾ? ಇಡೀ ವಾರ ಬಸ್ಸಿನ ಡಿಪೋದಲ್ಲಿ ಎಣ್ಣೆ ಒರೆಸುದು, ಭಾನುವಾರ ಒಂದು ನೀರು. ಅದೂ ಹೋದ್ರೆ ನನಗೆ ಉಳಿಯುದು ಎಂತ ಮಾರಾಯ್ತಿ?"

ಬಿಡುವುದಿಲ್ಲ ಎನ್ನಲು ಅವಳ ಬಾಯಿ ತೆರೆದೇ ಇತ್ತು. ಗಾಳ ಚುಚ್ಚಿದರೂ ತಿಳಿಯದ ಕೈ, ತಣ್ಣೀರು, ದೋಣಿ. ಹೊರಗಿಂದ ಶ್ರೀನಾಥ, "ಡಬ್ಬಿ ಸಿಗ್ತಾ ದಾಸಣ್ಣ? ಏಣಿ ತರ್ಲಾ?" ಎಂದು ಕೂಗಿದ. ಅವಳು ಹೆಬ್ಬೆರಳಿಗೆ ಬ್ಯಾಂಡೇಜ್ ಸುತ್ತಿದಳು.

ಮರುದಿನ ಬೆಳಿಗ್ಗೆ ಶ್ರೀನಾಥ ದೋಣಿಯನ್ನು ಗಾಡಿಗೆ ಕಟ್ಟಿಕೊಂಡು ಬಂದಾಗ ಮೋಹಿನಿ ದಪ್ಪ ಜಾಕೆಟ್ ಹಾಕಿ, ತಿಂಡಿಯ ಚೀಲ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು.

"ಚೀಲ ಕೊಡು, ಇಡ್ತೇನೆ," ಎಂದರು ಮೋಹನದಾಸರು.

"ನಾನೂ ಬರ್ತೇನೆ."

"ದಡದಲ್ಲಿ ಕೂತುಕೊಳ್ಳಿಕ್ಕಾ? ಚಳಿಗೆ ಸಾಯ್ತಿ."

"ದೋಣಿಗೆ."

ಮೋಹನದಾಸರು ಹೆಂಡತಿಯ ಮುಖ ನೋಡಿದರು. ಶ್ರೀನಾಥನಿಗೆ ಅದರಲ್ಲಿ ಏನು ವಿಶೇಷ ಎಂದು ತಿಳಿಯಲಿಲ್ಲ. "ಬನ್ನಿ ಅಕ್ಕ, ಜಾಗ ಇದೆ. ಆದ್ರೆ ಕೋಲು ಮುಟ್ಟಬೇಡಿ, ಲೈಸೆನ್ಸ್ ಕೇಳ್ತಾರೆ."

"ಕ್ಷಮಾ ನಿನ್ನೆಯೇ ಫೋನಲ್ಲಿ ಒಂದು ದಿನದ್ದು ತೆಗೆದುಕೊಟ್ಟಿದ್ದಾಳೆ," ಎಂದಳು ಮೋಹಿನಿ. ಮಗಳು ನಾರ್ತ್ ಯಾರ್ಕಿನಲ್ಲಿ ಇರುವುದು. "ಅಮ್ಮಾ, ಆರ್ ಯೂ ಓಕೆ? ಅಂತ ಮೂರು ಸಲ ಕೇಳಿದ್ಳು."

ನದಿಯ ಹತ್ತಿರ ಗಾಳಿ ಚುರುಕಾಗಿತ್ತು. ದಡದ ಮೇಪಲ್ ಮರಗಳ ಎಲೆಗಳು ಉದುರಿ ನೀರಿನ ಮೇಲೆ ಒಂದೇ ದಿಕ್ಕಿಗೆ ಹೋಗುತ್ತಿದ್ದವು. ದೋಣಿಯ ಅಂಚಿನಲ್ಲಿ ಮೋಹಿನಿಯ ಕಾಲು ತಾನಾಗಿ ನಿಂತಿತು. ಅತ್ತೆ ತೀರಿಹೋಗಿ ಎಷ್ಟೋ ಕಾಲವಾಗಿದೆ. ಆದರೂ ಬೆನ್ನ ಹಿಂದೆ ನಿಂತಂತೆ ಆಯಿತು. ಮೋಹನದಾಸರು ಬ್ಯಾಂಡೇಜ್ ಸುತ್ತಿದ ಕೈ ಚಾಚಿದರು.

"ಬಲಗಾಲು ಮೊದಲು ಇಡು," ಎಂದರು.

ಶ್ರೀನಾಥ ಇಂಜಿನ್ ಹತ್ತಿರ ಕೂತು ದೋಣಿಯನ್ನು ಸೆಳೆತದ ಎದುರು ಮೆಲ್ಲನೆ ನಡೆಸಿದ. ಮೋಹನದಾಸರು ಮೂರು ಕವಲಿನ ಕೊಂಡಿಗೆ ಮೂರು ಔನ್ಸಿನ ಗುಂಡು ಕಟ್ಟಿ ಬಿಟ್ಟರು. ಮೋಹಿನಿ ಕೈಗವಸು ಬಿಚ್ಚಿ ಅವರ ಪಕ್ಕಕ್ಕೆ ಸರಿದು, ಕೋಲಿನ ಬುಡದ ಹತ್ತಿರ ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡಳು. ಅವರು ಬೇಡ ಎನ್ನುವಂತೆ ಮೊಣಕೈ ಅಡ್ಡ ತಂದರು, ಮತ್ತೆ ತೆಗೆದರು.

"ಎಳೀತಾ ಉಂಟು," ಎಂದಳು ಸ್ವಲ್ಪ ಹೊತ್ತಿಗೆ. "ಗೋಣಿ ಎಳೆದ ಹಾಗೆ. ಎಲ್ಲಿಯೂ ತಟ್ಟುದಿಲ್ಲ."

"ಸೆಳೆತಕ್ಕೆ ಹಾಗೆ ಅನಿಸ್ತದೆ," ಎಂದರು ಅವರು. ಹೇಳಿ ಮುಗಿಸುವಷ್ಟರಲ್ಲಿ ಕೋಲು ಬಾಗಿ, ದಾರ ಬಿಗಿದು, ಫಟ್ ಎಂದಿತು. ಮೂರು ಔನ್ಸು ಕಲ್ಲಿನ ಸಂದಿಗೆ ಸೇರಿತು.

"ಸೇತುವೆಗೆ ಇನ್ನೊಂದು ಕಲ್ಲು," ಎಂದ ಶ್ರೀನಾಥ ಹಿಂದಿನಿಂದ.

ಮೋಹನದಾಸರು ಡಬ್ಬಿ ತೆರೆದರು. ಅವರ ಕೈ ಮತ್ತೆ ದೊಡ್ಡ ಗುಂಡಿನ ಮೇಲೆ ಹೋಯಿತು, ಅಲ್ಲೇ ನಿಂತಿತು. ಕೊನೆಗೆ ಒಂದೂವರೆ ಔನ್ಸಿನದನ್ನು ತೆಗೆದು ಕಟ್ಟಿದರು. ದಾರ ಓರೆಯಾಗಿ ಹಿಂದಕ್ಕೆ ಹೋಗುತ್ತಾ ಹೋಯಿತು. ಮೋಹಿನಿ ಕಣ್ಣು ಮುಚ್ಚಿದಳು.

"ನೆಲ," ಎಂದಳು. "ಇಲ್ಲ... ಇಲ್ಲ... ನೆಲ. ಸ್ವಲ್ಪ ದಾರ ಬಿಡಿ. ನೆಲ. ನೆಲ."

ತುಳುವಿಗೂ ಕನ್ನಡಕ್ಕೂ ಅದು ಒಂದೇ ಮಾತು. ಅವಳು ಹೇಳಿದಂತೆ ಅವರು ದಾರ ಬಿಟ್ಟರು, ಸುತ್ತಿದರು. ಒಂದು ತಿರುವು ದಾಟಿದ ಮೇಲೆ ಅವಳು ಹೇಳುವ ಮೊದಲೇ ದಾರ ಸುತ್ತತೊಡಗಿದರು. ಅಲ್ಲಿ ಹೊಂಡ ಮುಗಿದು ದಿಬ್ಬ ಏರುವುದು ಅವರಿಗೆ ನೀರಿನ ಮೇಲ್ಮೈ ನೋಡಿಯೇ ತಿಳಿಯುತ್ತದೆ. ನೆಲ, ಎಂದಳು ಅವಳು. ಗೊತ್ತುಂಟು, ಎಂದರು ಅವರು.

"ಏನು ದಾಸಣ್ಣ, ಅಕ್ಕನಿಗೆ ಟ್ರೈನಿಂಗಾ?"

ಮೋಹಿನಿ ದಾರದ ಮೇಲೆಯೇ ಕಣ್ಣಿಟ್ಟಳು. ಆ ಮಾತು ಅವರದು, ಹೇಳುವುದಿದ್ದರೆ ಅವರೇ ಹೇಳಬೇಕು.

ಮೋಹನದಾಸರು ಹಿಂದೆ ತಿರುಗದೆಯೇ ಹೇಳಿದರು: "ನನ್ನ ಬೆರಳಿಗೆ ಗೊತ್ತಾಗುದಿಲ್ಲ ಶ್ರೀನಾಥರೇ. ಜೋಮು. ಅದಕ್ಕೇ ಅಷ್ಟು ಗುಂಡು ನದಿಗೆ ಹೋದದ್ದು."

ಶ್ರೀನಾಥ ಏನೋ ತಮಾಷೆ ಹೇಳಹೊರಟು ನುಂಗಿಕೊಂಡದ್ದು ಅವಳಿಗೆ ಬೆನ್ನ ಹಿಂದಿನಿಂದಲೇ ತಿಳಿಯಿತು.

"ಇದು ನೆಲ ಅಲ್ಲ," ಎಂದಳು ಅವಳು ತಟ್ಟನೆ.

"ಕಲ್ಲಾ?"

"ಅಲ್ಲ. ಮೆತ್ತಗೆ ಉಂಟು. ಎರಡು ದಿನದ ಬಂಗುಡೆ ಒತ್ತಿದ ಹಾಗೆ."

"ಅದೇ! ವಾಲೈ ಹಾಗೆಯೇ ಕಚ್ಚುದು!" ಮೋಹನದಾಸರು ಕೋಲು ಎತ್ತಿದರು. ಈ ಸಲ ಕೋಲು ಬಾಗಿ ಅದುರಿತು. ಅವರ ತೋಳಿಗೆ ಜೋಮು ಇರಲಿಲ್ಲ. ದಾರ ಸುತ್ತುವ ಲಯವೂ ಮರೆತಿರಲಿಲ್ಲ. ಶ್ರೀನಾಥ ಕೈಬಲೆ ಚಾಚಿ ಎತ್ತಿದಾಗ ಹೊಂಬಣ್ಣದ ಮೀನು ದೋಣಿಯ ತಳದಲ್ಲಿ ಬಾಲ ಬಡಿಯಿತು. ಬಾಲದ ಕೆಳತುದಿಯಲ್ಲಿ ಸುಣ್ಣ ಹಚ್ಚಿದಂಥ ಬಿಳಿ.

ಗಾಳ ಬಿಡಿಸಲು ಮೋಹನದಾಸರು ಬಗ್ಗಿದರು. ಶ್ರೀನಾಥ ಇಕ್ಕಳ ಹಿಡಿದು ಮುಂದೆ ಬಂದ. "ಗಾಳ ಬಿಡಿಸೋದು ಇನ್ಮೇಲೆ ನಂದು. ನೀವು ಮುಟ್ಟಬೇಡಿ," ಎಂದ. ಆಮೇಲೆ ಮೀನಿನ ಕಡೆಗೇ ನೋಡುತ್ತ ಹೇಳಿದ: "ಒಟ್ಟಾವಾಕ್ಕೆ ಮೂರು ಲೈಫ್ ಜಾಕೆಟ್ ಬೇಕು. ಅಕ್ಕನ ಸೈಜ್ ನಂಗೊತ್ತಿಲ್ಲ, ನೀವೇ ತನ್ನಿ."

ಮೋಹನದಾಸರು ತಲೆಯಾಡಿಸಿದರು. ಡಬ್ಬಿಯೊಳಗಿನ ಮೂರು ಔನ್ಸಿನ ಗುಂಡುಗಳನ್ನೆಲ್ಲ ಒಂದು ಮೂಲೆಗೆ ಸರಿಸಿ ಮುಚ್ಚಳ ಹಾಕಿದರು.

ಮೋಹಿನಿಯ ಬೆರಳು ಚಳಿಗೆ ಕೆಂಪಾಗಿತ್ತು. ಅದನ್ನು ಬಾಯಿಯ ಹತ್ತಿರ ಹಿಡಿದು ಉಸಿರಿನಿಂದ ಬೆಚ್ಚಗೆ ಮಾಡಿಕೊಂಡಳು.

"ಅಲ್ಲ, ಆ ಸಾಗರ ಎಷ್ಟು ಆಳ ಉಂಟು?"

"ಅದು ಮೀನು ಮಾರಾಯ್ತಿ!"

"ಗೊತ್ತುಂಟು," ಎಂದಳು ಅವಳು. "ದಾರ ಬಿಡಿ ನೋಡುವ."